ಬಿಟ್ಟುದೇನು, ಹಿಡಿದುದೇನು?

ಪ್ರಸಾದನಿಲಯದಲ್ಲಿ ಬೆಳೆದು ದೊಡ್ಡ ಕಂಪನಿಗಳ ಉನ್ನತ ಹುದ್ದೆಗೇರಿದ ಕೆಲವರು ಈಚೆಗೆ ಅದನ್ನು ತೊರೆದು ಗ್ರಾಮಸೇವೆಗೆ ಬರುತ್ತಿದ್ದಾರೆ. ಸಂತೋಷ. ಆದರೆ ಅದಕ್ಕೆ ‘ಮಹಾತ್ಯಾಗ’ವೆಂದು ಹೆಸರಿಟ್ಟು, ಶಾಲು ಹೊದಿಸಿ ಮೆರೆಸುವುದು ಶರಣಧರ್ಮಕ್ಕೆ ಒಪ್ಪುವ ಮಾತೆ? ಬಂಧುಗಳೇ, ವಿಚಾರಿಸಿ ನೋಡಿ. 12ನೆಯ ಶತಮಾನದ ಕಲ್ಯಾಣದಲ್ಲಿ ಬಸವಣ್ಣನವರು ಬಿಜ್ಜಳನ ಭಂಡಾರಿಯಾಗಿದ್ದುಕೊಂಡೇ ಮಹಾಮನೆಯ ದಾಸೋಹವನ್ನು ನಡೆಸಿದರು. ಆಯ್ದಕ್ಕಿ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಅದನ್ನು ಮರಳಿ ಸುರಿದು ಬರುವಂತೆ ಹೇಳಿದವಳು ಸತಿ ಲಕ್ಕಮ್ಮ. (ಆ ದಂಪತಿಗಳಿಗೆ ಬಿಡಲು ಹುದ್ದೆಯೇ ಇರಲಿಲ್ಲ!) ದುಡಿಮೆ ಸತ್ಯಶುದ್ಧವೇ, ಮಿಕ್ಕುದು ಯಾರಿಗೆ ಸಲ್ಲುತ್ತದೆ? ಶರಣರು ಕೇಳಿದುದು ಇಷ್ಟೆ.

ಹಾಗೆಂದು ಕಂಪನಿಯಲ್ಲಿಯೇ ಉಳಿದವರು ನೆಮ್ಮದಿಯಿಂದ ಉಸಿರು ಬಿಡಬೇಕಾಗಿಲ್ಲ. ನೀವು ಉಂಡ ಪ್ರಸಾದವು ಒಕ್ಕಲುಮಕ್ಕಳು ಕಣದಿಂದ ತಂದು ಮಠದ ಕಣಜಕ್ಕೆ ಸುರಿದ ರಾಗಿ, ಜೋಳ. ವರ್ಷಕ್ಕೊಮ್ಮೆ ಜಾತ್ರೆಗೆ ಬಂದು ರಸೀದಿ ಬರೆಸಿ ಹೋದರೆ ಆ ಋಣ ಹರಿಯಿತೆ? ಲೆಕ್ಕ ಬಲ್ಲವರು ನಿಲಯದ ಲೆಕ್ಕಪತ್ರ ನೋಡಬಹುದು. ಇಂಜಿನಿಯರಾದವರು ರಜೆಯಲ್ಲಿ ಹತ್ತನೆಯ ತರಗತಿಯ ಮಕ್ಕಳಿಗೆ ಗಣಿತ ಹೇಳಿಕೊಡಬಹುದು. ಬಿಟ್ಟು ಬಂದವರಿಗೂ ಒಂದು ಮಾತು: ಸನ್ಮಾನದ ಕುರ್ಚಿಯನ್ನು ಹಿಂದಕ್ಕೆ ಸರಿಸಿ, ಹಳ್ಳಿಯ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದ ಮಾಸ್ತರರ ಬಳಿ ಚಾಪೆಯ ಮೇಲೆ ಕುಳಿತು ಮೊದಲು ಕೆಲಸ ಕಲಿಯಿರಿ.