ಮಾದರಿ ಕೆಟ್ಟರೆ ಪರೀಕ್ಷೆ ಕೆಟ್ಟಂತೆ

ಇಂದಿನ ಯುಗವು ವಿಜ್ಞಾನದ ಯುಗವೆಂದು ನಾವೆಲ್ಲರೂ ಹೇಳುತ್ತೇವೆ. ಆದರೆ ವಿಜ್ಞಾನವೆಂದರೆ ಬೆಲೆಬಾಳುವ ಯಂತ್ರವೆಂಬ ತಪ್ಪು ಕಲ್ಪನೆ ನಮ್ಮಲ್ಲಿ ಬೇರೂರಿದೆ. ಯಂತ್ರಕ್ಕಿಂತ ಮೊದಲು ನಡೆಯುವ ಕೈಕೆಲಸವೇ ಪರೀಕ್ಷೆಯ ಜೀವಾಳವೆಂದು ನನ್ನ ಅಭಿಪ್ರಾಯ.

ನಮ್ಮ ಮಿರಜವು ಆಸ್ಪತ್ರೆಗಳ ಊರು. 1894ರಲ್ಲಿ ಡಾ. ವಾನ್ಲೆಸ್ ಅವರು ಇಲ್ಲಿ ಆಸ್ಪತ್ರೆ ಸ್ಥಾಪಿಸಿದರು. 1962ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಆರಂಭವಾಯಿತು. ಅಥಣಿ, ಜಮಖಂಡಿಗಳ ಕಡೆಯಿಂದಲೂ ರೋಗಿಗಳು ಇಲ್ಲಿಗೆ ಬರುತ್ತಾರೆ. ಅವರ ಕೈಗೆ ಬರುವ ವರದಿ ನಿಜವಾಗಬೇಕಾದರೆ ಪರೀಕ್ಷೆಗೆ ಒಯ್ದ ಮಾದರಿ ಕೆಡದೆ ಇರಬೇಕು.

ಜೀವಕೋಶದಲ್ಲಿರುವ ಒಂದು ನಿರ್ದಿಷ್ಟ ಪ್ರೋಟೀನನ್ನು ಪತ್ತೆಹಚ್ಚುವ ‘ವೆಸ್ಟರ್ನ್ ಬ್ಲಾಟ್’ ಎಂಬ ವಿಧಾನವಿದೆ. ಈ ಹೆಸರು ಅದಕ್ಕೆ 1981ರಲ್ಲಿ ಬಂದಿತು. ಇದರಲ್ಲಿ ಮೊದಲು ಜೀವಕೋಶಗಳನ್ನು ತಣ್ಣನೆಯ ಉಪ್ಪಿನ ದ್ರಾವಣದಲ್ಲಿ ತೊಳೆದು, ಮಂಜುಗಡ್ಡೆಯ ಮೇಲಿಟ್ಟು ಒಡೆಯುತ್ತಾರೆ. ಮಂಜುಗಡ್ಡೆ ಏಕೆ? ಹೆಚ್ಚಿಟ್ಟ ಬದನೆಕಾಯಿ ಕಪ್ಪಾಗುವುದನ್ನು ನಾವು ಮನೆಯಲ್ಲಿ ಕಂಡಿದ್ದೇವೆ. ಕೋಶ ಒಡೆದೊಡನೆ ಅದರೊಳಗಿನ ಕಿಣ್ವಗಳು ಕೆಲಸಕ್ಕೆ ತೊಡಗುತ್ತವೆ. ಅವುಗಳಲ್ಲಿ ಕೆಲವು ಪ್ರೋಟೀನನ್ನೇ ಕತ್ತರಿಸಿ ಹಾಕುತ್ತವೆ. ತಂಪು ಅವುಗಳ ವೇಗವನ್ನು ತಗ್ಗಿಸುತ್ತದೆ. ಅವುಗಳನ್ನು ತಡೆಯುವ ಔಷಧವನ್ನೂ ಬೆರೆಸುತ್ತಾರೆ. ಬಳಿಕ ವೇಗವಾಗಿ ತಿರುಗಿಸಿ ಗಸಿಯನ್ನು ಬೇರ್ಪಡಿಸಿ, ತಿಳಿಯಲ್ಲಿರುವ ಪ್ರೋಟೀನನ್ನು ಅಳೆಯುತ್ತಾರೆ. ಎಲ್ಲ ಮಾದರಿಗಳಲ್ಲಿ ಸಮಪ್ರಮಾಣ ತೆಗೆದುಕೊಳ್ಳದಿದ್ದರೆ ಹೋಲಿಕೆಗೆ ಅರ್ಥವಿಲ್ಲ. ಕೊನೆಗೆ ಎಸ್.ಡಿ.ಎಸ್. ಎಂಬ ಮಾರ್ಜಕದೊಡನೆ ಸುಮಾರು 95 ಅಂಶ ಸೆಲ್ಸಿಯಸ್‌ನಲ್ಲಿ 5 ನಿಮಿಷ ಕಾಯಿಸುತ್ತಾರೆ. ಇಷ್ಟೆಲ್ಲ ಮುಗಿದ ಮೇಲೆಯೇ ನಿಜವಾದ ಪರೀಕ್ಷೆ! ಇಲ್ಲಿ ತಪ್ಪಿದ್ದನ್ನು ಮುಂದಿನ ಯಾವ ಯಂತ್ರವೂ ತಿದ್ದಲಾರದು.

ನಮ್ಮ ಶಾಲೆಗಳಲ್ಲಿ ಇಂಥ ಉಪಕರಣಗಳಿಲ್ಲ, ನಿಜ. ಆದರೆ ತೊಗರಿಬೇಳೆ ಇದೆ. ದ್ರಾಕ್ಷಿ ತೋಟದವರು ಬಲ್ಲ ಮೈಲುತುತ್ತವಿದೆ. ಬೇಳೆಯನ್ನು ಅರೆದು, ನೀರಿನಲ್ಲಿ ಕಲಸಿ, ಸೋಸಿದ ತಿಳಿಗೆ ಗುರುಗಳ ಸಮ್ಮುಖದಲ್ಲಿ ಕಾಸ್ಟಿಕ್ ಸೋಡಾ ದ್ರಾವಣವನ್ನೂ ಕೆಲವೇ ಹನಿ ಮೈಲುತುತ್ತದ ದ್ರಾವಣವನ್ನೂ ಹಾಕಿದರೆ ನೇರಳೆ ಬಣ್ಣ ಮೂಡುತ್ತದೆ. ಮೈಲುತುತ್ತ ಹೆಚ್ಚಾದರೆ ಅದರ ನೀಲಿಯಲ್ಲಿ ನೇರಳೆ ಮುಚ್ಚಿಹೋಗುತ್ತದೆ. ಈ ಪಾಠ ಕೈಯಿಂದ ಮಾಡಿದವನಿಗೇ ಗೊತ್ತು. ಆದರೆ ಅನೇಕ ಕಡೆ ಆಗುವುದೇನು? ಪ್ರನಾಳವನ್ನು ಮುಟ್ಟದೆಯೇ ‘ನೇರಳೆ ಬಣ್ಣ ಕಂಡುಬಂದಿತು’ ಎಂದು ವಹಿಯಲ್ಲಿ ಬರೆದು ಅಂಕ ಪಡೆಯುತ್ತೇವೆ!

ಇದು ನಿಲ್ಲಬೇಕು. ಪ್ರಾಯೋಗಿಕ ಪರೀಕ್ಷೆಯಲ್ಲಿ ಅರ್ಧ ಅಂಕಗಳನ್ನು ಮಾದರಿ ಸಿದ್ಧಪಡಿಸುವ ಕೆಲಸಕ್ಕೇ ಇಡಬೇಕು. ಬಣ್ಣ ಬಾರದಿದ್ದರೆ ಬರಲಿಲ್ಲವೆಂದು ಬರೆದು ಕಾರಣ ಹುಡುಕಿದವನಿಗೂ ಅಂಕ ಸಿಗಬೇಕು. ಇಂದು ಕಾಣದ ಬಣ್ಣವನ್ನು ಕಂಡೆನೆಂದು ಬರೆಯುವ ಕೈಯೇ ನಾಳೆ ರೋಗಿಯ ವರದಿಯನ್ನೂ ಬರೆಯಬಹುದೆಂಬುದನ್ನು ನಾವು ಮರೆಯಬಾರದು.