ಅಜ್ಜನ ರೈಫಲ್‌ಗೆ ಹಳೇ ಸ್ಕೋಪ್ ಬೇಕಾ?

ಯಾವಗಲ್ ಕಡೆ ಹೆಸರು, ಕಡ್ಲಿ ಚಿಗುರಿದ ಕೂಡಲೇ ಚಿಗರಿ ಹಿಂಡು ಹೊಲಕ್ಕೆ ಇಳಿತಾವು. ಮನೆಯಲ್ಲಿ ಅಜ್ಜನ ಕಾಲದ ಪಾಯಿಂಟ್ 22 ರೈಫಲ್ ಇದ್ದವರಿಗೆ ಆಗ ಅನಿಸ್ತದೆ: ಹಳೇ ಸ್ಕೋಪ್ ಒಂದು ಸಿಕ್ಕರೆ ಕೂಡಿಸಿಬಿಡೋಣ. ನಾನು ಹೇಳೋದು, ಬ್ಯಾಡ್ರಿ.

ಹಳೇ ಸ್ಕೋಪಿನ ಕೊಳವೆ ಎಷ್ಟೋ ಸಲ ಮುಕ್ಕಾಲು ಇಂಚು, ಈಗಿನ ರಿಂಗ್ ಒಂದು ಇಂಚು. ತೇವ ಹೊಕ್ಕರೆ ಒಳಗಿನ ಗಾಜು ಮಂಜಾಗ್ತದೆ. ಇವಕ್ಕೆಲ್ಲ ರಿಪೇರಿ ಇದೆ ಅನ್ನಿ.

ರಿಪೇರಿ ಇಲ್ಲದ್ದು ಬೇರೆ. ಸ್ಕೋಪ್ ಗುರಿಯನ್ನು ಹತ್ತಿರ ತೋರಿಸ್ತದೆ, ಗುಂಡಿನ ಬಲ ಹೆಚ್ಚಿಸೋದಿಲ್ಲ. ಆದರೆ ಗುರಿ ತಪ್ಪಿದ ಈ ಸಣ್ಣ ಗುಂಡು ಒಂದೂವರೆ ಕಿಲೋಮೀಟರ್ ತನಕ ಹೋಗಬಲ್ಲದು. ನಮ್ಮ ಎರಿ ಹೊಲ ಬಟ್ಟಬಯಲು, ತಡೆಯೋಕೆ ಗುಡ್ಡ ಇಲ್ಲ. ಸ್ಕೋಪಿಗೆ ಕಣ್ಣಿಟ್ಟವನಿಗೆ ಪಕ್ಕದ ಹೊಲದಲ್ಲಿ ಕಸ ತೆಗೆಯೋ ಹೆಣ್ಣಾಳು ಕಾಣೋದಿಲ್ಲ.

ಚಿಗರಿಯಂತೂ 1972ರ ವನ್ಯಜೀವಿ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ. ಹೊಡೆದರೆ ಕನಿಷ್ಠ 3 ವರ್ಷ ಜೈಲು. ಅಜ್ಜನ ಲೈಸನ್ಸ್ ಮೊಮ್ಮಗನಿಗೆ ತಾನಾಗಿ ಬರೋದೂ ಇಲ್ಲ.

ಬೆಳೆ ಹಾಳಾಗೋ ಸಂಕಟ ಸುಳ್ಳಲ್ಲ. ಆದರೆ ಅದಕ್ಕೆ ಕೈಯಲ್ಲಿರೋ ಫೋನಿನ ಕ್ಯಾಮೆರಾನೇ ಸರಿಯಾದ ಸ್ಕೋಪ್. ಹಾನಿಯ ಫೋಟೋ ತೆಗೆದು, ಪಹಣಿ ಹಚ್ಚಿ, ಅರಣ್ಯ ಇಲಾಖೆಗೆ ಅರ್ಜಿ ಹಾಕ್ರಿ. ಒಬ್ಬರೇ ಅಲ್ಲ, ಅಕ್ಕಪಕ್ಕದ ಹೊಲದವರೆಲ್ಲ ಕೂಡಿ.