ಪಾರ್ಟ್ ಬದಲಿಸೋದು ರಿಪೇರಿ ಅಲ್ಲ ಸ್ವಾಮೀ!

ಮೊದಲೇ ಹೇಳಿಬಿಡ್ತೀನಿ, ಇದು ಹೊಟ್ಟೆ ಉರಿದು ಬರೀತಿರೋದು.

ಮೊನ್ನೆ ಊರಿಂದ ಬರ್ತಾ ಶಿರಾಡಿ ಘಾಟಿ ಹತ್ತುತ್ತಿದ್ದೆ. ಮುಂದೆ ಆಮೆವೇಗದ ಟ್ಯಾಂಕರ್. ಎದುರು ರಸ್ತೆ ಖಾಲಿ ಕಂಡಿತು, ಮೂರನೇ ಗೇರಿಗೆ ಇಳಿಸಿ ಆಕ್ಸಿಲರೇಟರ್ ಪೂರ್ತಿ ಒತ್ತಿದೆ. ಕಾರು ಮುಂದಕ್ಕೆ ಚಿಮ್ಮೋದು ಬಿಟ್ಟು ಉಬ್ಬಸ ಬಂದವರ ಹಾಗೆ ಮುಕ್ಕಿತು. ರಸ್ತೆಯ ತಪ್ಪು ಭಾಗದಲ್ಲಿ ನಾನು, ತಿರುವಿನಾಚೆ ಬಸ್ಸಿನ ಹಾರ್ನು, ಹಿಂದಿನ ಸೀಟಲ್ಲಿ ಅಮ್ಮ. ಹೇಗೋ ಬ್ರೇಕ್ ಹಾಕಿ ಟ್ಯಾಂಕರಿನ ಹಿಂದೆ ಸೇರಿಕೊಂಡೆ. ಸಕಲೇಶಪುರ ಬರೋವರೆಗೂ ಅಮ್ಮ ಮಾತಾಡಲಿಲ್ಲ.

ಬೆಂಗಳೂರಿಗೆ ಬಂದವನೇ ಸರ್ವಿಸ್ ಸೆಂಟರಿಗೆ ಕೊಟ್ಟೆ. ಮೊದಲ ಸಲ ಸ್ಪಾರ್ಕ್ ಪ್ಲಗ್, ಏರ್ ಫಿಲ್ಟರ್ ಬದಲಾಯಿತು. ಸರಿಹೋಗಲಿಲ್ಲ. ಎರಡನೇ ಸಲ ಸ್ಕ್ಯಾನರ್ ಹಾಕಿದರು, ಪಿ0171 ಅಂತ ಕೋಡ್ ಬಂತು. "ಆಕ್ಸಿಜನ್ ಸೆನ್ಸಾರ್ ಹೋಗಿದೆ ಸಾರ್" ಅಂದರು. ಅದೂ ಬದಲಾಯಿತು. ಹದಿನೆಂಟು ಸಾವಿರ ಖಾಲಿ. ಕಾರು ಮಾತ್ರ ಏರು ಸಿಕ್ಕರೆ ಅದೇ ಉಬ್ಬಸ. ಮೂರನೇ ಸಲ ಹೋದಾಗ "ಇಸಿಯುನೇ ಚೇಂಜ್ ಮಾಡ್ಬೇಕಾಗುತ್ತೆ" ಅಂದರು ನೋಡಿ, ಕೀ ಇಸ್ಕೊಂಡು ಬಂದುಬಿಟ್ಟೆ.

ಅಲ್ಲಾ ಸ್ವಾಮೀ, ಪಿ0171 ಅಂದರೇನು? ಮಿಶ್ರಣದಲ್ಲಿ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲ ಅಂತ. ಅದನ್ನ ಹೇಳಿದ್ದೇ ಆ ಆಕ್ಸಿಜನ್ ಸೆನ್ಸಾರ್! "ಕಳ್ಳ ಬಂದಿದ್ದಾನೆ" ಅಂತ ಬೊಗಳಿದ ನಾಯಿಯನ್ನೇ ಮನೆಯಿಂದ ಓಡಿಸಿದ ಹಾಗಾಯಿತು. ಕೋಡ್ ಅನ್ನೋದು ದೂರು ಅಷ್ಟೇ, ತೀರ್ಪಲ್ಲ. ಆಫೀಸಲ್ಲಿ ಲಾಗ್‌ನಲ್ಲಿ ಎರರ್ ಕಂಡ ಕೂಡಲೇ ಸಿಕ್ಕ ಸಿಕ್ಕ ಸಾಲನ್ನೆಲ್ಲ ಬದಲಿಸುತ್ತಾ ಹೋದರೆ ನಮ್ಮ ಲೀಡ್ ಸುಮ್ಮನಿರ್ತಾರಾ? :-)

ಕೊನೆಗೆ ಗೆಳೆಯನೊಬ್ಬ ತನಗೆ ಗೊತ್ತಿದ್ದ ಹಳೇ ಮೆಕ್ಯಾನಿಕ್ ಹತ್ತಿರ ಕರೆದುಕೊಂಡು ಹೋದ. ಅವರು ಕೇಳಿದ ಮೊದಲ ಪ್ರಶ್ನೆ: "ಆರ್‌ಪಿಎಂ ಏರಿ ಸ್ಪೀಡ್ ಏರಲ್ವೋ, ಆರ್‌ಪಿಎಂನೇ ಏರಲ್ವೋ?" ಮೊದಲನೆಯದಾದರೆ ಕ್ಲಚ್ ಜಾರುತ್ತಿದೆ, ಎಂಜಿನ್ ಬಿಚ್ಚೋ ಮಾತೇ ಇಲ್ಲ. ನನ್ನದು ಎರಡನೆಯದು. ಅವರು ಓಡಿಸಿದರು, ನಾನು ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತೆ. ಪೂರ್ತಿ ಆಕ್ಸಿಲರೇಟರ್ ಒತ್ತಿದಾಗ ಮ್ಯಾನಿಫೋಲ್ಡ್ ಒತ್ತಡ 90 ಕಿಲೋಪ್ಯಾಸ್ಕಲ್ ಹತ್ತಿರ, ಅಂದರೆ ಬೆಂಗಳೂರಿನ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡದಷ್ಟೇ. ಗಾಳಿ ಒಳಗೆ ಬರೋದಕ್ಕೆ ಅಡ್ಡಿಯಿಲ್ಲ. ಆದರೆ ಆಗ 0.8 ವೋಲ್ಟ್ ಮೇಲಿರಬೇಕಾದ ಆಕ್ಸಿಜನ್ ಸೆನ್ಸಾರ್ 0.1ರಲ್ಲೇ ಮಲಗಿತ್ತು. ಪೆಟ್ರೋಲ್ ಸಾಲುತ್ತಿಲ್ಲ. ಸೈಲೆನ್ಸರ್ ದಾರಿಯ ಕ್ಯಾಟಲಿಟಿಕ್ ಕನ್ವರ್ಟರ್ ಕಟ್ಟಿಕೊಂಡಿದ್ದರೂ ಎಂಜಿನ್ ಹೀಗೇ ಸೋಲುತ್ತೆ, ಆದರೆ ಆಗ ಪೆಟ್ರೋಲ್ ಕಮ್ಮಿ ಅಂತ ತೋರಿಸೋದಿಲ್ಲ.

ಆಮೇಲೆ ಪೆಟ್ರೋಲ್ ಪೈಪಿಗೆ ಪ್ರೆಶರ್ ಗೇಜ್. ಐಡಲ್‌ನಲ್ಲಿ 3.5 ಬಾರ್, ಸರಿಯಾಗೇ ಇದೆ. ಏರಿನಲ್ಲಿ ಒತ್ತಿದರೆ 2ಕ್ಕೆ ಕುಸಿತ! ನಿಂತಲ್ಲೇ ನಿಂತ ಎಂಜಿನ್ ಕುಡಿಯೋದು ಗುಟುಕು ಪೆಟ್ರೋಲ್, ಸುಸ್ತಾದ ಪಂಪ್ ಕೂಡ ಅಷ್ಟು ಕೊಡುತ್ತೆ. ಅದಕ್ಕೇ ಸರ್ವಿಸ್ ಸೆಂಟರಿನ ಅಂಗಳದಲ್ಲಿ "ಎಲ್ಲಾ ನಾರ್ಮಲ್ ಸಾರ್".

"ಹಾಗಾದ್ರೆ ಪಂಪ್ ಬದಲಿಸಿ" ಅಂದೆ. ಅವರು ನಕ್ಕರು. "ನೀವೂ ಅವರ ಥರಾನೇ ಆದ್ರಲ್ಲ!" ಹಿಂದಿನ ಸೀಟು ಎತ್ತಿ ಪಂಪಿನ ಕನೆಕ್ಟರಿಗೆ ಮಲ್ಟಿಮೀಟರ್ ಇಟ್ಟರು. ಬ್ಯಾಟರಿಯಲ್ಲಿ 14 ವೋಲ್ಟ್, ಪಂಪಿಗೆ ತಲುಪುತ್ತಿದ್ದದ್ದು 10. ಅರ್ತ್ ವೈರಿನ ಬೋಲ್ಟ್ ತುಕ್ಕು ಹಿಡಿದಿತ್ತು. ಮರಳು ಕಾಗದದಲ್ಲಿ ಉಜ್ಜಿ ಬಿಗಿ ಮಾಡಿದರು. ಪಂಪ್ ಚೆನ್ನಾಗೇ ಇತ್ತು!

ಇನ್ನು ಬೈಯೋದು ಯಾರನ್ನ? ಸರ್ವಿಸ್ ಸೆಂಟರಿನ ಹುಡುಗನನ್ನೇ? ಅವನಿಗೆ ದಿನಕ್ಕಿಷ್ಟು ಕಾರು ಮುಗಿಸೋ ಒತ್ತಡ. ಬಿಲ್ಲಿನಲ್ಲಿ ಹಾಕಿದ ಪಾರ್ಟಿಗೆ ಒಂದು ಸಾಲಿದೆ, ಯೋಚಿಸಿದ ಒಂದು ಗಂಟೆಗೆ ಸಾಲಿಲ್ಲ. ಆ ಸಾಲನ್ನ ಅಳಿಸಿದವರು ನಾವೇ. ಹೊಸ ಸೆನ್ಸಾರಿಗೆ ಚಕಾರ ಎತ್ತದೆ ದುಡ್ಡು ಎಣಿಸುವ ನಾವು, "ಬರೀ ಚೆಕ್ ಮಾಡಿದ್ದಕ್ಕೆ ಐನೂರಾ?" ಅಂತ ಕ್ಯಾತೆ ತೆಗೀತೀವಿ. ನಾಚಿಕೆಗೇಡು ಅಂದರೆ, ಮೆಕ್ಯಾನಿಕ್ ಸಾವಿರ ಕೇಳಿದಾಗ ನನ್ನ ಬಾಯಿಗೂ ಅದೇ ಮಾತು ಬಂದಿತ್ತು. ಅಮ್ಮನ ಮುಖ ನೆನಪಾಗಿ ನುಂಗಿಕೊಂಡೆ.

ಮುಂದಿನ ಸಲ "ಇದು ಬದಲಿಸ್ಬೇಕು ಸಾರ್" ಅಂದರೆ ಒಂದೇ ಪ್ರಶ್ನೆ ಕೇಳಿ: "ಯಾವ ಅಳತೆ ನೋಡಿ ಹೇಳ್ತಿದ್ದೀರಿ?" ಉತ್ತರ ಕೊಟ್ಟವರಿಗೆ ಕೇಳಿದಷ್ಟು ಕೊಡಿ. ಉತ್ತರ ಇಲ್ಲದಿದ್ದರೆ ಕೀ ಇಸ್ಕೊಂಡು ಬನ್ನಿ.

ಏನಂತೀರಿ?